ಡೆಸಿಗ್ನೇಶನ್ ಬಿಟ್ಟು ಕೆಲಸ ಎಣಿಸಿದೆ: 263111ಕ್ಕೆ ಪಾಸಿಟಿವ್ ಬಂದ ನನ್ನ ಅನುಭವ

ಆಸ್ಟ್ರೇಲಿಯಾದ ಪರ್ಮನೆಂಟ್ ವೀಸಾಕ್ಕೆ ಹೋಗುವ ಮೊದಲು ನಮ್ಮ ಕೆಲಸ ಯಾವ ಹುದ್ದೆಯ ಕೋಡಿಗೆ ಹೊಂದುತ್ತದೆ ಅಂತ ಅಳೆಸಬೇಕು. ಹೊಂದಿದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. 261313 ಅಂದರೆ ಸಾಫ್ಟ್‌ವೇರ್ ಎಂಜಿನಿಯರ್, 263111 ಅಂದರೆ ಕಂಪ್ಯೂಟರ್ ನೆಟ್‌ವರ್ಕ್ ಅಂಡ್ ಸಿಸ್ಟಮ್ಸ್ ಎಂಜಿನಿಯರ್. ಎರಡು ವರ್ಷ ಎಲ್ಲರೂ ನನಗೆ ಹೇಳಿದ್ದು ಒಂದೇ ಮಾತು. "ಐಟಿಯಲ್ಲಿದ್ದೀಯ, 261313 ಹಾಕು, ಸುಮ್ನೆ ತಲೆ ಕೆಡಿಸಿಕೊಳ್ಳಬೇಡ." ಹಾಕಿದೆ. ನೆಗೆಟಿವ್ ಬಂತು. ಆಮೇಲೆ 263111 ಹಾಕುತ್ತೇನೆ ಅಂದಾಗ ಅದೇ ಜನ ಇನ್ನೊಂದು ಹೇಳಿದರು. "ಒಂದು ಸಲ ನೆಗೆಟಿವ್ ಆದವನು ಕೋಡ್ ಬದಲಾಯಿಸಿದರೆ ಅನುಮಾನ ಜಾಸ್ತಿ ಆಗುತ್ತೆ. ಅದೂ ಏಜೆಂಟ್ ಇಲ್ಲದೆ!" ಏಜೆಂಟ್ ಇಲ್ಲದೆಯೇ ಹಾಕಿದೆ, ಪಾಸಿಟಿವ್ ಬಂತು. 2023ರಿಂದ ಸಿಡ್ನಿಯಲ್ಲಿದ್ದೇನೆ. ಮೊದಲ ಸಲ ನನ್ನ ಅರ್ಜಿ ಹಾಕಿಸಿದ್ದ ಏಜೆಂಟರ ಆಫೀಸಿನ ಹುಡುಗನೊಬ್ಬ ಹೋದ ವರ್ಷ ನನಗೆ ಫೋನ್ ಮಾಡಿ "ಸಾರ್, ಲೆಟರ್ ಹೇಗೆ ಬರೆದಿರಿ?" ಅಂತ ಕೇಳಿದ. ಆಗ ಅನಿಸಿತು, ಇದನ್ನು ಬರೆದಿಡಬೇಕು ಅಂತ.

ಎಸಿಎಸ್ ಅಂದರೆ ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿ, ಐಟಿಯವರ ಕೆಲಸವನ್ನು ಅಳೆಯುವ ಸಂಸ್ಥೆ. ಆನ್ಜ್‌ಸ್ಕೋ ಅಂದರೆ ಹುದ್ದೆಗಳ ಕೋಡಿನ ಪಟ್ಟಿ, ಯಾವ ಹುದ್ದೆಗೆ ಏನು ಕೆಲಸ ಅಂತ ಅದರಲ್ಲಿರುತ್ತದೆ. ಇಒಐ ಅಂದರೆ ನಮ್ಮ ಪಾಯಿಂಟ್ ಲೆಕ್ಕ ತೋರಿಸಿ ವೀಸಾದ ಆಹ್ವಾನಕ್ಕೆ ಕಾಯುವ ಅರ್ಜಿ. ಲೆಟರ್ ಅಂದರೆ ನಾವು ಏನು ಕೆಲಸ ಮಾಡಿದೆವು ಅಂತ ಕಂಪನಿ ಬರೆದುಕೊಡುವ ಪತ್ರ.

ನನ್ನ ಹಿನ್ನೆಲೆ ಇಷ್ಟು. ವಿಟಿಯು, ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್), 2010ರ ಬ್ಯಾಚು. 2010ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಒಂದು ದೊಡ್ಡ ಸರ್ವಿಸ್ ಕಂಪನಿ ಸೇರಿದೆ. ಮೊದಲ 14 ತಿಂಗಳು ನೈಟ್ ಶಿಫ್ಟು, ಮಾನಿಟರಿಂಗ್. ಪರದೆ ಕೆಂಪಾದರೆ ಟಿಕೆಟ್ ಎತ್ತುವುದು, ಅಷ್ಟೇ. ಆಮೇಲೆ ಡೇಟಾ ಸೆಂಟರ್ ನೆಟ್‌ವರ್ಕ್ ಟೀಮಿಗೆ ಬಂದೆ. ರೂಟಿಂಗ್, ಸ್ವಿಚಿಂಗ್, ಫೈರ್‌ವಾಲ್, ಲೋಡ್ ಬ್ಯಾಲೆನ್ಸರ್. ನಡುವೆ 11 ತಿಂಗಳು ಇಂಗ್ಲೆಂಡಿನಲ್ಲಿ ಆನ್‌ಸೈಟ್. 2016ರಲ್ಲಿ ಕಂಪನಿ ಬದಲಿಸಿದೆ. ಅಲ್ಲಿ ಕ್ಲೌಡ್ ನೆಟ್‌ವರ್ಕ್, ಟೆರಾಫಾರ್ಮ್, ಆನ್ಸಿಬಲ್ ಥರದ ಆಟೊಮೇಶನ್ ಟೂಲುಗಳು, ಒಂದಿಷ್ಟು ಪೈಥಾನ್ ಪ್ರೋಗ್ರಾಮಿಂಗ್. ಮೊದಲ ಕಂಪನಿ ಕೊಟ್ಟ ಡೆಸಿಗ್ನೇಶನ್ "ಸಿಸ್ಟಮ್ಸ್ ಎಂಜಿನಿಯರ್". ಅಲ್ಲಿ ಜಾವಾ ಬರೆಯುವವನೂ ಸಿಸ್ಟಮ್ಸ್ ಎಂಜಿನಿಯರ್, ಕೇಬಲ್ ಎಳೆಸುವವನೂ ಸಿಸ್ಟಮ್ಸ್ ಎಂಜಿನಿಯರ್. ಎರಡನೇ ಕಡೆ "ಟೆಕ್ನಾಲಜಿ ಲೀಡ್". ಈ ಹೆಸರುಗಳಿಂದ ಯಾವ ಕೋಡೂ ಹುಟ್ಟುವುದಿಲ್ಲ.

2019ರಲ್ಲಿ ಏಜೆಂಟ್ ಹಿಡಿದೆ. ಮೊದಲ ಕಂತು 60 ಸಾವಿರ. ಪೈಥಾನ್ ಅನ್ನೋ ಒಂದು ಪದ ಹಿಡಿದುಕೊಂಡು ಅವರು ನನ್ನನ್ನು ಸಾಫ್ಟ್‌ವೇರ್ ಎಂಜಿನಿಯರ್ ಮಾಡಿದರು. ಎಂಟೂವರೆ ವರ್ಷದ ಕೆಲಸಕ್ಕೆ ಎಂಟು ಬುಲೆಟ್. ಆ ಎಂಟೂ ಆನ್ಜ್‌ಸ್ಕೋ ಪುಟದಿಂದ ಎತ್ತಿ ಹಾಕಿದ ಸಾಲುಗಳು. ಇಂಗ್ಲೆಂಡಿನಲ್ಲಿದ್ದ 11 ತಿಂಗಳು ಯಾವ ದೇಶ ಅಂತ ಲೆಟರಿನಲ್ಲಿ ಬರಲೇ ಇಲ್ಲ. ನಾನೂ ಓದಿ ಸಹಿಗೆ ಕಳಿಸಿದೆ. ಎಸಿಎಸ್ ಫೀಸು ಆಗ 500 ಡಾಲರ್ ಆಸುಪಾಸು, ನಮ್ಮ ಲೆಕ್ಕದಲ್ಲಿ 25 ಸಾವಿರ. ಉತ್ತರ ಬಂತು: ಕೆಲಸ ಆಯ್ಕೆ ಮಾಡಿದ ಹುದ್ದೆಗೆ ಹೊಂದುವುದಿಲ್ಲ. ಅವರು ಹೇಳಿದ್ದು ಸರಿಯೇ. ನಾನು ದಿನವಿಡೀ ಕೋಡ್ ಬರೆಯುವವನಲ್ಲ. ರಿವ್ಯೂಗೆ ಹೋಗೋಣ, ಇನ್ನೊಂದು 400 ಡಾಲರ್ ಅಂದರು ಏಜೆಂಟ್. ಬೇಡ ಅಂದೆ. ಅದೇ ಸುಳ್ಳುಸುಳ್ಳಾದ ಲೆಟರನ್ನು ಎರಡನೇ ಸಲ ತೋರಿಸುವುದಕ್ಕೆ ದುಡ್ಡು ಯಾಕೆ ಕೊಡಬೇಕು, ಅಲ್ವಾ?

ಅಲ್ಲಿಂದ ಆರು ತಿಂಗಳು ಏನೂ ಮಾಡಲಿಲ್ಲ. ಆಮೇಲೆ ಕೋವಿಡ್ ಬಂತು. ಮನೆಯಲ್ಲಿ ಕೂತಾಗ ಒಂದು ಕೆಲಸ ಶುರು ಮಾಡಿದೆ. ಇಡೀ ವಿಷಯದಲ್ಲಿ ನನಗೆ ಹೆಮ್ಮೆ ಇರುವುದು ಇದರ ಬಗ್ಗೆಯೇ.

ಮೂರು ತಿಂಗಳು, ಪ್ರತಿದಿನ ಸಂಜೆ, ಆ ದಿನ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ಕ್ಲೈಂಟ್ ಹೆಸರು, ಟಿಕೆಟ್ ನಂಬರು ಯಾವುದೂ ಇಲ್ಲ. ಕಂಪನಿಯ ಡೇಟಾ ಆಚೆ ತರುವ ಹಾಗಿಲ್ಲ, ತರಲೂಬಾರದು. ಬರೀ ಗಂಟೆ ಮತ್ತು ಕೆಲಸದ ಬಗೆ. ಹಳೆಯ ವರ್ಷಗಳಿಗೆ ನನ್ನದೇ ಅಪ್ರೈಸಲ್ ಫಾರ್ಮುಗಳನ್ನು ನೆನಪು ಮಾಡಿಕೊಂಡು, ಜೊತೆಗೆ ಕೆಲಸ ಮಾಡಿದ ಇಬ್ಬರನ್ನು ಕೂರಿಸಿಕೊಂಡು ಲೆಕ್ಕ ಹಾಕಿದೆ. ಕೊನೆಗೆ ಬಂದ ಚಿತ್ರ ಹೆಚ್ಚುಕಡಿಮೆ ಹೀಗಿತ್ತು: ನೆಟ್‌ವರ್ಕ್ ಡಿಸೈನು, ಕಾನ್ಫಿಗರೇಶನ್, ದೊಡ್ಡ ತೊಂದರೆ ಬಂದಾಗ ಮೂಲ ಹುಡುಕುವುದು ಸೇರಿ ನೂರಕ್ಕೆ 55. ಸ್ಕ್ರಿಪ್ಟು, ಆಟೊಮೇಶನ್ 20–25. ಉಳಿದದ್ದು ದಾಖಲೆ, ಮೀಟಿಂಗು, ಬೇರೆ ಟೀಮಿಗೆ ಸಲಹೆ.

ಈ ಪಟ್ಟಿ ಪಕ್ಕದಲ್ಲಿಟ್ಟುಕೊಂಡು 261313 ಸೇರುವ 2613, 263111 ಸೇರುವ 2631, ಎರಡೂ ಗುಂಪಿನ ಕೆಲಸಗಳನ್ನು ಓದಿದೆ. 2613ರಲ್ಲಿ ಕೇಳುವುದು ಪ್ರೋಗ್ರಾಂ ಬರೆಯುವುದು, ಅದರ ತಪ್ಪು ತಿದ್ದುವುದು, ಸಿಸ್ಟಮ್ಮಿಗೆ ಏನು ಬೇಕು ಅಂತ ವಿಶ್ಲೇಷಿಸುವುದು. ನನ್ನ ದಿನದ ಕಾಲು ಭಾಗಕ್ಕೂ ಅದು ತಾಗುವುದಿಲ್ಲ. 2631ರಲ್ಲಿ ನೆಟ್‌ವರ್ಕ್ ಸೌಲಭ್ಯದ ಮೌಲ್ಯಮಾಪನ, ಟ್ರಾಫಿಕ್ಕು ಮತ್ತು ಕೆಪಾಸಿಟಿ ಗಮನಿಸುವುದು, ತುರ್ತು ತೊಂದರೆ ಬಿಡಿಸುವುದು, ಸರ್ವರ್ ಮತ್ತು ನೆಟ್‌ವರ್ಕ್ ಸ್ಥಾಪನೆ, ಅದರ ದಾಖಲೆ. ಜೊತೆಗೆ ಅಲ್ಲೇ ಇನ್ನೊಂದು ಸಾಲಿದೆ: ವ್ಯವಹಾರದ ಅಗತ್ಯಕ್ಕೆ ತಕ್ಕ ನೆಟ್‌ವರ್ಕ್ ಪ್ರೋಗ್ರಾಮಿಂಗ್. ನನ್ನ ಪೈಥಾನ್ ಎಲ್ಲಿ ಕೂರಬೇಕೋ ಅಲ್ಲಿ ತಾನಾಗೇ ಕೂತಿತು. ಎರಡು ವರ್ಷ ಅದನ್ನು ತಪ್ಪು ಮನೆಯಲ್ಲಿ ಇಟ್ಟಿದ್ದೆವು.

ಇನ್ನೊಂದು ಲಾಭವೂ ಇತ್ತು. ಡಿಗ್ರಿ ಹುದ್ದೆಗೆ ಹತ್ತಿರ ಇದ್ದರೆ ಎಸಿಎಸ್ ನಮ್ಮ ಅನುಭವದಿಂದ 2 ವರ್ಷ ಕಳೆಯುತ್ತದೆ, ದೂರ ಇದ್ದರೆ 4 ವರ್ಷ. ನನಗೆ ಗೊತ್ತಿದ್ದ ಇ ಅಂಡ್ ಸಿ ಹುಡುಗರಲ್ಲಿ 261313ಕ್ಕೆ ಹೋದವರು 4 ವರ್ಷ ಕಳೆದುಕೊಂಡಿದ್ದರು. 263111ಕ್ಕೆ ಹೋದ ಇಬ್ಬರಿಗೆ 2 ವರ್ಷ ಮಾತ್ರ ಹೋಗಿತ್ತು. ಕೆಲಸ, ಡಿಗ್ರಿ ಎರಡೂ ಒಂದೇ ಕೋಡಿನ ಕಡೆ ಮುಖ ಮಾಡಿರಬೇಕು. ನಮ್ಮಲ್ಲಿ ತುಂಬ ಜನ ಕೆಲಸವನ್ನು ಮಾತ್ರ ನೋಡಿ ಡಿಗ್ರಿಯನ್ನು ಮರೆಯುತ್ತಾರೆ.

ಲೆಟರಿನ ಕಥೆ ಉದ್ದ. ಎರಡನೇ ಕಂಪನಿಯ ಎಚ್ಆರ್ "ನಮ್ಮ ಟೆಂಪ್ಲೇಟ್ ಬದಲಾಗುವುದಿಲ್ಲ" ಅಂದರು. ನಾಲ್ಕು ಡ್ರಾಫ್ಟ್, ಸುಮಾರು ಎರಡು ತಿಂಗಳು. ಕೊನೆಗೆ ಒಪ್ಪಿದರು. ಒಂದೇ ಲೆಟರಿನಲ್ಲಿ ಎರಡು ಪಾತ್ರ, ಪ್ರತಿಯೊಂದಕ್ಕೂ ಬೇರೆ ತಾರೀಖು, ಬೇರೆ ಕೆಲಸ. ಪ್ರೊಮೋಶನ್ ಆದವರು ಇದನ್ನು ಗಮನಿಸಿ. ಎಲ್ಲ ವರ್ಷಗಳನ್ನೂ ಒಂದೇ ಬುಟ್ಟಿಗೆ ಹಾಕಿದರೆ ಮೊದಲ ವರ್ಷದ ಸಣ್ಣ ಕೆಲಸ ಕೊನೆಯ ವರ್ಷದ ದೊಡ್ಡ ಕೆಲಸವನ್ನೂ ಕೆಳಗೆ ಎಳೆಯುತ್ತದೆ. ಪೂರ್ಣಾವಧಿ ಕೆಲಸ, ಊರು, ದೇಶ, ಎಲ್ಲ ಬರೆಸಿದೆ.

ಮೊದಲ ಕಂಪನಿ ಸರ್ವಿಸ್ ಸರ್ಟಿಫಿಕೇಟ್ ಬಿಟ್ಟು ಬೇರೆ ಕೊಡಲಿಲ್ಲ. ಹಾಗಾಗಿ ಹಳೆಯ ಸೀನಿಯರ್ ಒಬ್ಬರಿಂದ ಅಫಿಡವಿಟ್. ಬೆಂಗಳೂರಿನ ಮೇಯೋ ಹಾಲ್ ಹತ್ತಿರ ಒಬ್ಬ ನೋಟರಿ ಹತ್ತಿರ ಮಾಡಿಸಿದೆವು, ಸ್ಟಾಂಪ್ ಪೇಪರ್ ಸೇರಿ ಏಳೆಂಟು ನೂರು ರೂಪಾಯಿ. ಮನೆಗೆ ಬಂದು ನೋಡಿದರೆ "ನನ್ನ ಎದುರು ಪ್ರಮಾಣ ಮಾಡಿ ಸಹಿ ಹಾಕಿದರು" ಅನ್ನುವ ಸಾಲೇ ಇಲ್ಲ, ಬರೀ ಸೀಲು. ಆ ಸಾಲಿಲ್ಲದ ಅಫಿಡವಿಟ್ ಎಸಿಎಸ್‌ಗೆ ನಡೆಯುವುದಿಲ್ಲ. ಆ ಸೀನಿಯರ್ ತಮ್ಮ ಶನಿವಾರ ಬಿಟ್ಟು ಮತ್ತೆ ಬಂದರು. ಅವರ ಋಣ ದೊಡ್ಡದು. ಸಂಬಳದ ಪುರಾವೆಗೆ ಹಳೆಯ ಪೇಸ್ಲಿಪ್ ಸಿಗಲಿಲ್ಲ. ಫಾರ್ಮ್ 16 ಮೂರು ವರ್ಷದ್ದು ಮಾತ್ರ ಇತ್ತು. ಉಳಿದದ್ದಕ್ಕೆ ತೆರಿಗೆ ಸೈಟಿನಿಂದ 26ಎಎಸ್, ಬ್ಯಾಂಕಿನಿಂದ ಹಳೆಯ ಸ್ಟೇಟ್‌ಮೆಂಟ್.

ಲೆಟರ್ ಡ್ರಾಫ್ಟ್ ಆದ ಮೇಲೆ ಒಂದು ಪ್ರಯೋಗ ಮಾಡಿದೆ. ಹೆಸರು, ಡೆಸಿಗ್ನೇಶನ್, ಕಂಪನಿ ಎಲ್ಲ ಅಳಿಸಿ ನಾಲ್ಕು ಜನರಿಗೆ ಓದಲು ಕೊಟ್ಟೆ. ಒಂದೇ ಪ್ರಶ್ನೆ: "ಈ ಮನುಷ್ಯ ಏನು ಕೆಲಸ ಮಾಡುತ್ತಾನೆ?" ಇಬ್ಬರು ನೆಟ್‌ವರ್ಕ್ ಎಂಜಿನಿಯರ್ ಅಂದರು. ಒಬ್ಬ ಡೆವ್‌ಆಪ್ಸ್ ಅಂದ. ಒಬ್ಬಳು "ಸಪೋರ್ಟ್ ಹುಡುಗ" ಅಂದಳು! ಎಣಿಸಿ ನೋಡಿದೆ. ಒಂದೂವರೆ ಪುಟದಲ್ಲಿ "ಸಪೋರ್ಟ್" ಅನ್ನುವ ಪದ ಒಂಬತ್ತು ಸಲ ಇತ್ತು. ನಾವು ಆಫೀಸಿನಲ್ಲಿ ಎಲ್ಲದಕ್ಕೂ ಆ ಪದ ಬಳಸುತ್ತೇವೆ. ರೂಟಿಂಗ್ ಡಿಸೈನ್ ಬದಲಿಸಿದ್ದೂ ಸಪೋರ್ಟು, ಪಾಸ್‌ವರ್ಡ್ ರೀಸೆಟ್ಟೂ ಸಪೋರ್ಟು. ಪ್ರತಿ ಜಾಗದಲ್ಲೂ ನಿಜವಾಗಿ ಏನು ಮಾಡಿದೆ ಅಂತ ಬರೆದೆ. ಯಾವ ಸಾಧನ, ಎಷ್ಟು ಸೈಟು, ಏನು ಬದಲಾಯಿತು. ಒಂದು ವಾರ ಬಿಟ್ಟು ಬೇರೆ ನಾಲ್ವರಿಗೆ ಕೊಟ್ಟೆ. ನಾಲ್ವರೂ ನೆಟ್‌ವರ್ಕ್ ಅಂದರು. ಅವತ್ತು ರಾತ್ರಿಯೇ ನನಗೆ ಗೊತ್ತಾಗಿತ್ತು, ಈ ಸಲ ಆಗುತ್ತದೆ ಅಂತ.

ಹಳೆಯ ನೆಗೆಟಿವ್ ಬಗ್ಗೆ ಒಂದು ಪುಟದ ವಿವರಣೆಯನ್ನೂ ಜೊತೆಗೆ ಹಾಕಿದೆ. ಆ ಪುಟದಲ್ಲಿ ಏನಿತ್ತು, ಯಾವ ಕ್ರಮದಲ್ಲಿತ್ತು ಅನ್ನುವುದನ್ನು ಮಾತ್ರ ಇಲ್ಲಿ ಹಾಕುವುದಿಲ್ಲ. ಹಾಕಿದರೆ ಮುಂದಿನ ತಿಂಗಳು ಅದೇ ಪುಟ ನೂರು ಅರ್ಜಿಗಳಲ್ಲಿ ಹೋಗುತ್ತದೆ, ಯಾರಿಗೂ ಉಪಯೋಗ ಆಗುವುದಿಲ್ಲ. ನಿಜ ಬರೆಯಿರಿ, ಚಿಕ್ಕದಾಗಿ ಬರೆಯಿರಿ, ಅಷ್ಟು ಹೇಳಬಲ್ಲೆ. ಬುಲೆಟ್‌ಗಳ ಕ್ರಮದಲ್ಲೂ ನನ್ನದೊಂದು ಲೆಕ್ಕ ಇದೆ. ಅದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

2021ರ ಜೂನ್‌ನಲ್ಲಿ ಫಲಿತಾಂಶ ಬಂತು. 263111ಕ್ಕೆ ಸೂಕ್ತ. ಮೊದಲ 14 ತಿಂಗಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದು ನಾನು ಅಂದುಕೊಂಡದ್ದೇ. ಅದನ್ನು ದೊಡ್ಡದಾಗಿ ತೋರಿಸಲು ಹೋಗಿರಲಿಲ್ಲ. ನಂತರ 2 ವರ್ಷ ಕಳೆದರು. ಹಾಗಾಗಿ 2013ರ ನವೆಂಬರ್‌ನಿಂದ ಆಚೆಗಿನ ಕೆಲಸಕ್ಕೆ ಪಾಯಿಂಟ್. 2021ರ ನವೆಂಬರ್ ದಾಟಿದರೆ 8 ವರ್ಷ, 10 ಇದ್ದದ್ದು 15 ಪಾಯಿಂಟ್ ಆಗುತ್ತದೆ. ಇಒಐನಲ್ಲಿ ಈಗಿನ ಕೆಲಸದ ಕೊನೆಯ ತಾರೀಖು ಖಾಲಿ ಬಿಟ್ಟಿದ್ದೆ, ಅದು ತಾನಾಗೇ ಏರಿತು. ಅದೇ 261313 ಆಗಿ 4 ವರ್ಷ ಹೋಗಿದ್ದರೆ ಇನ್ನೂ ಎರಡು ವರ್ಷ ಕಾಯಬೇಕಿತ್ತು.

ಕಾಯುವಾಗ ಬೇರೆ ದಾರಿಗಳನ್ನೂ ನೋಡಿದೆ. ಕೆನಡಾಗೆ ಲೆಕ್ಕ ಹಾಕಿದೆ. ಅಲ್ಲಿ ಎಸಿಎಸ್ ಥರ ಮೊದಲೇ ತೂಗಿ ಹೇಳುವವರಿಲ್ಲ. ಲೆಟರಿನ ಕೆಲಸ ಎನ್ಒಸಿ (ಕೆನಡಾದ ಹುದ್ದೆ ಪಟ್ಟಿ) ಕೋಡಿನ ಕೆಲಸಕ್ಕೆ ಹೊಂದುತ್ತದೋ ಇಲ್ಲವೋ ಅಂತ ಅರ್ಜಿ ನೋಡುವ ಅಧಿಕಾರಿ ಕೊನೆಗೆ ತೀರ್ಮಾನಿಸುತ್ತಾರೆ. ದುಡ್ಡೆಲ್ಲ ಕಟ್ಟಿದ ಮೇಲೆ "ಹೊಂದಲ್ಲ" ಅಂದರೆ? ನನ್ನ ಧೈರ್ಯ ಅಷ್ಟಿರಲಿಲ್ಲ, ಪ್ರೊಫೈಲ್ ಮಾಡಿ ಬಿಟ್ಟೆ.

ಫಲ ಕೊಟ್ಟದ್ದು ಇನ್ನೊಂದು ಪ್ರಯೋಗ. ಹೆಂಡತಿ ಕಂಪ್ಯೂಟರ್ ಸೈನ್ಸ್, ಮಗು ಆಗುವ ಮೊದಲು ಐದು ವರ್ಷ ಡೆವಲಪರ್. "ಕೆಲಸ ಬಿಟ್ಟವಳಿಗೆ ಅಸೆಸ್‌ಮೆಂಟ್ ಯಾಕೆ?" ಅಂತ ಮನೆಯಲ್ಲೇ ಮಾತು ಬಂತು. ಆದರೆ ಸಂಗಾತಿಗೂ ಹುದ್ದೆ, ಇಂಗ್ಲಿಷ್ ಎರಡೂ ಹೊಂದಿದರೆ 10 ಪಾಯಿಂಟ್, ಇಂಗ್ಲಿಷ್ ಮಾತ್ರ ಇದ್ದರೆ 5. ಅವಳ ಡಿಗ್ರಿ ಹತ್ತಿರದ್ದು, ಕಳೆದ ಹತ್ತು ವರ್ಷದಲ್ಲಿ ಎರಡು ವರ್ಷದ ಕೆಲಸ ಸಾಕು. 261312, ಅಂದರೆ ಡೆವಲಪರ್ ಪ್ರೋಗ್ರಾಮರ್, ಹಾಕಿದೆವು. ಅವಳಿಗೆ ಮೊದಲ ಸಲಕ್ಕೇ ಪಾಸಿಟಿವ್. ಅವಳ ನಿಜವಾದ ಕೆಲಸ ಕೋಡ್ ಬರೆಯುವುದೇ ಆಗಿತ್ತು, ಲೆಟರ್ ಬರೆಯಲು ಒಂದು ಸಂಜೆ ಸಾಕಾಯಿತು.

ಪಾಯಿಂಟ್ ಹೀಗೆ ನಿಂತವು. ವಯಸ್ಸು 33 ಆಗಿದ್ದರಿಂದ 25. ಅದೇ ಸಂಕಟ, 2019ರಲ್ಲೇ ಸರಿಯಾಗಿ ಹಾಕಿದ್ದರೆ 30 ಇರುತ್ತಿತ್ತು. ಡಿಗ್ರಿ 15, ಕೆಲಸ 15, ಪಿಟಿಇ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ 79 ದಾಟಿ 20, ಹೆಂಡತಿಯಿಂದ 10. ಒಟ್ಟು 85, ರಾಜ್ಯ ನಾಮಿನೇಟ್ ಮಾಡಿದ್ದಕ್ಕೆ ಸಿಗುವ 5 ಸೇರಿ 90. ಪಿಟಿಇ ಮೂರನೇ ಸಲಕ್ಕೆ ಬಂತು. ಎರಡು ಸಲ ಬರವಣಿಗೆಯಲ್ಲಿ ಒಂದೆರಡು ಅಂಕಕ್ಕೆ ಹೋಯಿತು. 2022ರ ಕೊನೆಗೆ ನ್ಯೂ ಸೌತ್ ವೇಲ್ಸ್‌ನಿಂದ 190 ವೀಸಾಕ್ಕೆ (ರಾಜ್ಯ ನಾಮಿನೇಟ್ ಮಾಡುವ ಪರ್ಮನೆಂಟ್ ವೀಸಾ) ಆಹ್ವಾನ ಬಂತು.

ಖರ್ಚು ನೆನಪಿನಿಂದ ಹೇಳುತ್ತೇನೆ. ವ್ಯರ್ಥವಾಗಿ ಹೋದದ್ದು ಏಜೆಂಟ್ 60 ಸಾವಿರ, ಮೊದಲ ಎಸಿಎಸ್ 25 ಸಾವಿರ. ಎರಡನೇ ಎಸಿಎಸ್ 27 ಸಾವಿರ, ಹೆಂಡತಿಯದೂ ಅಷ್ಟೇ. ಪಿಟಿಇ ಇಬ್ಬರದೂ ಸೇರಿ ನಾಲ್ಕು ಸಲ, 56 ಸಾವಿರದ ಹತ್ತಿರ. ರಾಜ್ಯದ ಫೀಸು ಮುನ್ನೂರು ಚಿಲ್ಲರೆ ಡಾಲರ್. ವೀಸಾ ಮೂವರಿಗೆ 7,400 ಡಾಲರ್ ಆಸುಪಾಸು, ಅಂದರೆ 4 ಲಕ್ಷದ ಮೇಲೆ. ಮೆಡಿಕಲ್, ಪಿಸಿಸಿ (ಪೊಲೀಸ್ ಸರ್ಟಿಫಿಕೇಟ್), ನೋಟರಿ ಸೇರಿ ಇನ್ನೊಂದು 20 ಸಾವಿರ. ಒಟ್ಟು ಆರೂವರೆ ಲಕ್ಷ ಅಂತ ಇಟ್ಟುಕೊಳ್ಳಿ. ಈಗ ಫೀಸುಗಳೆಲ್ಲ ಏರಿವೆ, ಹಾಕುವ ದಿನದ ದರ ನೋಡಿಕೊಳ್ಳಿ. ಆನ್ಜ್‌ಸ್ಕೋ ಜಾಗಕ್ಕೆ 2024ರ ಡಿಸೆಂಬರ್‌ನಲ್ಲಿ ಓಸ್ಕಾ ಅನ್ನುವ ಹೊಸ ವರ್ಗೀಕರಣವೂ ಬಂದಿದೆ. ಹಾಗಾಗಿ ನನ್ನ ನಂಬರುಗಳನ್ನು ಕಣ್ಣು ಮುಚ್ಚಿ ಹಿಡಿಯಬೇಡಿ.

ಸದ್ಯ ಭಾವಮೈದುನನ ಅರ್ಜಿ ಹಿಡಿದು ಕೂತಿದ್ದೇನೆ. ಅವನು ಮೆಕ್ಯಾನಿಕಲ್ ಓದಿ ಒಂಬತ್ತು ವರ್ಷದಿಂದ ಎಸ್ಎಪಿ ಸಾಫ್ಟ್‌ವೇರಿನ ಕೆಲಸದಲ್ಲಿದ್ದಾನೆ. ಡಿಗ್ರಿ ಐಟಿಯದ್ದಲ್ಲ, ಆದ್ದರಿಂದ ಡಿಗ್ರಿ ಬದಲು ಕೆಲಸದಿಂದ ಕಲಿತದ್ದನ್ನು ತೋರಿಸುವ ಆರ್‌ಪಿಎಲ್ ದಾರಿ. 6 ವರ್ಷ ಕಳೆಯುತ್ತಾರೆ, ಎರಡು ಪ್ರಾಜೆಕ್ಟ್ ರಿಪೋರ್ಟ್ ಬೇಕು: ಒಂದು ಕಳೆದ ಮೂರು ವರ್ಷದೊಳಗಿನದು, ಇನ್ನೊಂದು ಐದು ವರ್ಷದೊಳಗಿನದು. ಯಾರೋ ಅವನಿಗೆ 15 ಸಾವಿರಕ್ಕೆ ರೆಡಿಮೇಡ್ ರಿಪೋರ್ಟ್ ಕೊಡುತ್ತೇವೆ ಅಂದಿದ್ದರಂತೆ. ನಕಲು ಹಿಡಿಯುತ್ತಾರೆ, ಮುಟ್ಟಬೇಡ ಅಂದೆ. ನೋಟ್‌ಬುಕ್ ಕೊಡಿಸಿ ಗಂಟೆ ಬರೆಯಲು ಹಚ್ಚಿದ್ದೇನೆ. ಏಳು ವಾರ ಆಗಿದೆ. ಅರ್ಧಕ್ಕಿಂತ ಜಾಸ್ತಿ ಸಿಸ್ಟಮ್ಸ್ ಅನಲಿಸ್ಟ್ ಕಡೆ ವಾಲುತ್ತಿದೆ, ಡೆವಲಪರ್ ಕಡೆ ಅಲ್ಲ. ಅವನಿಗೆ ಇನ್ನೂ ನಂಬಿಕೆ ಬಂದಿಲ್ಲ. ಹದಿಮೂರು ವಾರ ಮುಗಿಯಲಿ, ಕೋಡ್ ಆಮೇಲೆ ಆರಿಸೋಣ ಅಂತ ಹೇಳಿದ್ದೇನೆ.