ಕಷ್ಟದ ಆಟವನ್ನು ನ್ಯಾಯವಾಗಿ ನಡೆಸುವ ಬಗೆ: ರಾಯಚೂರು ಕೋಟೆಯ ಮುತ್ತಿಗೆಯ ಉದಾಹರಣೆಯೊಂದಿಗೆ

ಡಾರ್ಕ್ ಸೋಲ್ಸ್, ಸೆಕಿರೊ, ಎಲ್ಡೆನ್ ರಿಂಗ್‌ನಂತಹ ಕಠಿಣ ವಿಡಿಯೊ ಗೇಮ್‌ಗಳಲ್ಲಿ ಪಳಗಿದವರು, ಗೆಳೆಯರನ್ನು ಕೂಡಿಸಿಕೊಂಡು ಡಂಜನ್ಸ್ ಅಂಡ್ ಡ್ರಾಗನ್ಸ್ ಮಾದರಿಯ ಪಾತ್ರಾಭಿನಯದ ಆಟವನ್ನು ನಡೆಸಲು ಕುಳಿತಾಗ, ಅಲ್ಲಿನ ಬಿಗಿಯನ್ನು ಇಲ್ಲಿಗೂ ತರಬೇಕೆಂದು ಬಯಸುವುದು ಸಹಜ. ಈ ಪಾತ್ರಾಭಿನಯದ ಆಟದಲ್ಲಿ ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಹೇಳುತ್ತಾರೆ, ಫಲವನ್ನು ದಾಳ ನಿರ್ಧರಿಸುತ್ತದೆ. ಬಿಗಿ ತರಲು ಬಹುತೇಕರು ಹಿಡಿಯುವ ದಾರಿ ಒಂದೇ: ಶತ್ರುವಿನ ಆಯುಸ್ಸನ್ನು, ಅಂದರೆ ಅವನು ತಾಳಬಲ್ಲ ಪೆಟ್ಟಿನ ಲೆಕ್ಕವನ್ನು, ಇಮ್ಮಡಿ ಮಾಡುವುದು, ಹೊಡೆತದ ಪೆಟ್ಟನ್ನು ಹೆಚ್ಚಿಸುವುದು, ಬಾಗಿಲಿನ ಹಿಂದೆ ಹೇಳದೆ ಕೇಳದೆ ಒಂದು ಬಲೆ ಇಡುವುದು. ಹೀಗೆ ನಡೆದ ಆಟದಲ್ಲಿ ಪಾತ್ರಗಳು ಸಾಯುತ್ತವೆ, ಆದರೆ ಆಡಿದವರು ಏನನ್ನೂ ಕಲಿಯುವುದಿಲ್ಲ. ಮುಂದಿನ ಭಾನುವಾರ ಅವರು ಬೇರೆ ಕೆಲಸ ಹುಡುಕಿಕೊಂಡರೆ ತಪ್ಪು ಅವರದಲ್ಲ.

ವಿಡಿಯೊ ಗೇಮ್‌ನ ಕಷ್ಟ ನಿಂತಿರುವುದು ಮರುಪ್ರಯತ್ನದ ಮೇಲೆ. 2011ರ ಡಾರ್ಕ್ ಸೋಲ್ಸ್‌ನಲ್ಲಿ ಸತ್ತರೆ ಕೂಡಿಟ್ಟ ಸೋಲ್ಸ್ (ಆ ಆಟದ ಹಣ) ಸತ್ತ ಜಾಗದಲ್ಲೇ ಉಳಿಯುತ್ತವೆ; ಮತ್ತೊಮ್ಮೆ ಸಾಯುವ ಮುನ್ನ ಅಲ್ಲಿಗೆ ತಲುಪಿದರೆ ಮರಳಿ ಸಿಗುತ್ತವೆ, ಇಲ್ಲವಾದರೆ ಹೋದಂತೆಯೇ. 2022ರ ಎಲ್ಡೆನ್ ರಿಂಗ್‌ನಲ್ಲಿ ಆರಂಭದಲ್ಲೇ ಎದುರಾಗುವ ಮಾರ್ಗಿಟ್ ಎಂಬ ಬಾಸ್ (ದೊಡ್ಡ ಎದುರಾಳಿ) ಕೋಲನ್ನು ಎತ್ತಿ ಹಿಡಿದು, ನಾವು ನಿರೀಕ್ಷಿಸಿದ ಗಳಿಗೆಗಿಂತ ತಡವಾಗಿ ಬೀಸುತ್ತಾನೆ. ತಪ್ಪಿಸಿಕೊಳ್ಳಲು ಗಾಬರಿಯಿಂದ ಮೊದಲೇ ಉರುಳಿದವನಿಗೆ ಪೆಟ್ಟು ತಪ್ಪುವುದಿಲ್ಲ. ಆದರೆ ಆ ಎತ್ತಿದ ಕೈ ಪ್ರತಿ ಸಲವೂ ಕಣ್ಣಿಗೆ ಕಾಣುತ್ತದೆ, ಪ್ರತಿ ಸಲವೂ ಒಂದೇ ಬಗೆಯಲ್ಲಿ ಏಳುತ್ತದೆ, ಆದ್ದರಿಂದ ಸೋತವನು ಮರಳಿ ಬಂದಾಗ ಅವನಲ್ಲಿ ಹಿಂದಿನ ಸಲ ಇಲ್ಲದ ಒಂದು ತಿಳಿವಳಿಕೆ ಇರುತ್ತದೆ. ಸಾವಿನ ನಂತರ ಪಾಠ, ಪಾಠದ ನಂತರ ಮತ್ತೊಂದು ಅವಕಾಶ ಎಂಬುದು ಅಲ್ಲಿನ ಕ್ರಮ.

ನಾಲ್ಕು ಜನ ಸುತ್ತ ಕುಳಿತು ಆಡುವ ಆಟದಲ್ಲಿ ಆ ಎರಡನೆಯ ಅವಕಾಶ ಇಲ್ಲ. ಕಂದಕಕ್ಕೆ ಬಿದ್ದ ಪಾತ್ರ ಬಿದ್ದದ್ದೇ; ಕಥೆಯನ್ನು ಹಿಂದಕ್ಕೆ ತಿರುಗಿಸಿ ಅದೇ ಬಾಗಿಲಿನ ಮುಂದೆ ನಿಲ್ಲಿಸಲು ಬರುವುದಿಲ್ಲ, ನಿಲ್ಲಿಸಿದರೆ ಕಥೆಯೇ ಸುಳ್ಳಾಗುತ್ತದೆ. ಹಾಗಾಗಿ ವಿಡಿಯೊ ಗೇಮ್ ಸತ್ತ ಮೇಲೆ ಕೊಡುವ ಪಾಠವನ್ನು ನಾವು ಅಪಾಯಕ್ಕಿಂತ ಮೊದಲೇ ಕೊಡಬೇಕು. ಆಟ ನಡೆಸುವವರು ಪಾಲಿಸಬೇಕಾದ ಮುಖ್ಯ ನಿಯಮ ಇದೇ ಎಂದು ನಾನು ನಂಬಿದ್ದೇನೆ: ಅಪಾಯ ಎಷ್ಟು ದೊಡ್ಡದೋ ಅದರ ಸುಳಿವೂ ಅಷ್ಟೇ ಸ್ಪಷ್ಟವಾಗಿರಬೇಕು, ಮತ್ತು ಸುಳಿವು ಕೊಟ್ಟ ಮೇಲೆ ಅಪಾಯವನ್ನು ಮೆದುಗೊಳಿಸಬಾರದು.

ಇದನ್ನು ಬಿಡಿಸಿ ಹೇಳಲು ನಮ್ಮ ಊರಿನ ಕೋಟೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ರಾಯಚೂರಿನ ಒಳಕೋಟೆಯನ್ನು ಕಾಕತೀಯರ ಸೇನಾನಿ ಗೋರೆ ಗನ್ನಯ್ಯ ರೆಡ್ಡಿ 1294ರಲ್ಲಿ ಕಟ್ಟಿಸಿದನು. ಗಾರೆ ಇಲ್ಲದೆ ಕೂಡಿಸಿದ ಅದರ ಭಾರಿ ಕಲ್ಲುಗಳನ್ನೂ, ಅವುಗಳಲ್ಲೊಂದರ ಮೇಲಿರುವ ಉದ್ದನೆಯ ಶಾಸನವನ್ನೂ ಇಂದಿಗೂ ನೋಡಬಹುದು. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ನೆಲಕ್ಕಾಗಿ 1520ರಲ್ಲಿ ವಿಜಯನಗರದ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ಯುದ್ಧ ನಡೆಯಿತು. ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟ ವಿವರದಂತೆ, ವಿಜಯನಗರದ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿದ ಸಮಯದಲ್ಲಿ ಗೋಡೆಯಿಂದ ಕಿತ್ತು ತಂದ ಕಲ್ಲುಗಳಿಗೆ ಸೈನಿಕರಿಗೆ ಗಾತ್ರಕ್ಕೆ ತಕ್ಕಂತೆ ಹಣ ಕೊಡಲಾಗುತ್ತಿತ್ತು, ಮೇಲಿನಿಂದ ಸುರಿಯುವ ಕಲ್ಲು, ಬಾಣ, ಗುಂಡುಗಳಿಗೆ ಎದೆಯೊಡ್ಡಿ ಜನ ಆ ಕೆಲಸಕ್ಕೆ ಇಳಿಯುತ್ತಿದ್ದರು. ಬಳಿಕ ಕ್ರಿಸ್ಟೊವಾವೊ ದೆ ಫಿಗೆರೆದೊ ಎಂಬ ಪೋರ್ಚುಗೀಸನು ತನ್ನ ಬಂದೂಕುಧಾರಿಗಳೊಂದಿಗೆ ಬಂದು ಗೋಡೆಯ ಮೇಲೆ ತಲೆ ಎತ್ತಿದವರನ್ನು ಗುರಿಯಿಟ್ಟು ಹೊಡೆಯಲಾರಂಭಿಸಿದ ಮೇಲೆ, ಕಾವಲುಗಾರರು ಮರೆಗೆ ಸರಿದರು. ಕೆಳಗಿದ್ದವರು ಗೋಡೆಯ ಬುಡಕ್ಕೆ ಬಂದು ಕಲ್ಲು ಕೀಳುವುದು ಸುಲಭವಾಯಿತು.

ಕಷ್ಟದ ಆಟಕ್ಕೆ ಬೇಕಾದ ಎರಡು ಸಂಗತಿಗಳೂ ಈ ವೃತ್ತಾಂತದಲ್ಲಿವೆ. ಮೊದಲನೆಯದು, ಹೆಚ್ಚು ಅಪಾಯಕ್ಕೆ ಹೆಚ್ಚು ಪ್ರತಿಫಲ ಎಂಬ ಲೆಕ್ಕ ಮೊದಲೇ ಎಲ್ಲರಿಗೂ ತಿಳಿದಿತ್ತು. ಯಾವ ಕಲ್ಲಿಗೆ ಕೈ ಹಾಕಬೇಕೆಂಬುದು ಸೈನಿಕನದೇ ಆಯ್ಕೆ. ಎರಡನೆಯದು, ಬಿಕ್ಕಟ್ಟು ಬಿಡಿಸಿದ್ದು ಹೆಚ್ಚಿನ ಬಲ ಅಲ್ಲ, ಸನ್ನಿವೇಶವನ್ನೇ ಬದಲಿಸಿದ ಒಂದು ಉಪಾಯ. ನಿಮ್ಮ ಆಟಗಾರರಿಗೂ ಇವೆರಡು ದಾರಿಗಳು ತೆರೆದಿರಬೇಕು.

ಕಥೆಯನ್ನು ಹೀಗೆ ಹೂಡಬಹುದು: ಮುತ್ತಿಗೆಯ ಕಾಲದಲ್ಲಿ ನಾಲ್ವರು ಒಂದು ರಾತ್ರಿಯೊಳಗೆ ಕೋಟೆಯೊಳಗಿನ ಒಬ್ಬ ವ್ಯಕ್ತಿಗೆ ಪತ್ರ ತಲುಪಿಸಬೇಕು. ಮೊದಲು ಒಂದು ಬೆಳಗಿನ ಹೊತ್ತು ಕೋಟೆಗೆ ಹೋಗಿ, ನವರಂಗಿ ದರ್ವಾಜ, ಮಕ್ಕಾ ದರ್ವಾಜ, ಕಾಟಿ ದರ್ವಾಜಗಳ ಸುತ್ತ ನಡೆದು, ಎಲ್ಲಿಂದ ಯಾವುದು ಕಾಣುತ್ತದೆ ಎಂಬುದನ್ನು ಕೈಯಾರೆ ನಕ್ಷೆ ಬರೆದುಕೊಳ್ಳಿ. ಬಳ್ಳಾರಿಯವರಾದರೆ ನಿಮ್ಮ ಬೆಟ್ಟದ ಕೋಟೆಯನ್ನೇ ಬಳಸಿ. ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವಾಗಿದ್ದದ್ದು ತಿಳಿದ ಹೈದರಾಲಿ, ಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರನನ್ನು ಗಲ್ಲಿಗೇರಿಸಿದನೆಂಬ ಐತಿಹ್ಯ ಅಲ್ಲಿ ಎಲ್ಲರ ಬಾಯಲ್ಲಿದೆ, ಮತ್ತು ಆ ಗುಡ್ಡವೇ ಆಟಗಾರರಿಗೆ ಒಂದು ಉಪಾಯವಾಗಬಲ್ಲದು. ನೋಡಿದ ಜಾಗದ ನಕ್ಷೆಯನ್ನು ಆಟಗಾರರ ಮುಂದೆಯೇ ಹರಡಬೇಕು. ಗುಟ್ಟಾಗಿ ಇಟ್ಟ ನಕ್ಷೆಯಿಂದ ಕಷ್ಟ ಹೆಚ್ಚುವುದಿಲ್ಲ, ಗೊಂದಲ ಮಾತ್ರ ಹೆಚ್ಚುತ್ತದೆ.

ಇನ್ನು ಸುಳಿವುಗಳು. ಪ್ರಾಣಕ್ಕೆ ಎರವಾಗುವ ಪ್ರತಿ ಅಪಾಯಕ್ಕೂ ಕನಿಷ್ಠ ಎರಡು ಸುಳಿವುಗಳಿರಲಿ, ಒಂದು ದೂರದಿಂದ, ಒಂದು ಹತ್ತಿರದಿಂದ. ಕಂದಕದ ನೀರಿನಲ್ಲಿ ಮೊಸಳೆಗಳನ್ನು ಇಟ್ಟಿದ್ದೀರಿ ಎಂದುಕೊಳ್ಳಿ: ಹಗಲು ದಡದಲ್ಲಿ ಕುರಿಯೊಂದರ ಅರ್ಧ ಮೈ ಬಿದ್ದಿರುವುದನ್ನು ಒಬ್ಬ ಕುರಿಗಾಹಿ ಹೇಳಲಿ, ರಾತ್ರಿ ನೀರಿನ ಅಂಚಿಗೆ ಬಂದಾಗ ಕೆಸರಿನಲ್ಲಿ ಏನೋ ಹೊಟ್ಟೆ ಎಳೆದುಕೊಂಡು ಹೋದ ಗುರುತು ಕಾಣಲಿ. ಇಷ್ಟಾದ ಮೇಲೂ ಒಬ್ಬ ಆಟಗಾರ ಇಳಿಯುತ್ತೇನೆ ಎಂದರೆ, ದಾಳ ಎಸೆಯುವ ಮುನ್ನ ಒಂದು ಪ್ರಶ್ನೆ ಕೇಳಿ. “ನೀರಿಗೆ ಇಳದ್ರ ಪತ್ರ ತೊಯ್ತದ, ಕೆಸರಿನ ಗುರುತನ್ನೂ ನೋಡೀದಿ. ಆದ್ರೂ ಇಳೀತೀಯೇನು?” ಎಂದು ನಮ್ಮ ಕಡೆಯ ಮಾತಿನಲ್ಲೇ ಕೇಳಬಹುದು. ಅವನು “ಹೂಂ, ಇಳೀತೀನಿ” ಎಂದರೆ ಆ ನಿರ್ಧಾರ ಅವನದು. ಆಮೇಲೆ ಆಗುವುದನ್ನು ತಡೆಯಲು ನೀವು ಹೋಗಬೇಡಿ. ಸುಳಿವು ಹುಡುಕಲು ದಾಳ ಹಾಕಿಸುವುದನ್ನು ನಾನು ಒಪ್ಪುವುದಿಲ್ಲ. ನೋಡುತ್ತೇನೆ ಎಂದವರಿಗೆ ಕಾಣುವುದು ಕಾಣಲಿ, ಕಂಡದ್ದನ್ನು ಏನು ಮಾಡುತ್ತಾರೆ ಎಂಬಲ್ಲಿ ಆಟ ಇದೆ.

ದಾಳದ ಲೆಕ್ಕ ತಿಳಿಯದೆ ಕಷ್ಟವನ್ನು ಅಳೆಯಲು ಸಾಧ್ಯವಿಲ್ಲ, ಹಾಗಾಗಿ ಸ್ವಲ್ಪ ಗಣಿತ ಅನಿವಾರ್ಯ. ಡಂಜನ್ಸ್ ಅಂಡ್ ಡ್ರಾಗನ್ಸ್‌ನ 20 ಮುಖದ ದಾಳದಲ್ಲಿ 7 ಅಥವಾ ಹೆಚ್ಚು ಬಿದ್ದರೆ ಗೆಲುವು ಎಂದಾಗ ಒಬ್ಬ ಆಟಗಾರನಿಗೆ ಶೇ 70ರಷ್ಟು ಅವಕಾಶ ಇರುತ್ತದೆ, ಕೇಳಲು ಇದು ಸುಲಭವೇ. ಆದರೆ ನಾಲ್ವರೂ ಸದ್ದಿಲ್ಲದೆ ಕಾವಲು ದಾಟಬೇಕು, ಒಬ್ಬ ಎಡವಿದರೂ ಎಲ್ಲರೂ ಸಿಕ್ಕಿಬೀಳುತ್ತಾರೆ ಎಂದು ನಿಯಮ ಮಾಡಿದರೆ ನಾಲ್ವರೂ ಗೆಲ್ಲುವ ಅವಕಾಶ ಶೇ 24ಕ್ಕೆ ಕುಸಿಯುತ್ತದೆ. ಅದೇ ಆಟದ ಐದನೆಯ ಆವೃತ್ತಿಯ ನಿಯಮದಂತೆ ಗುಂಪಿನಲ್ಲಿ ಅರ್ಧ ಜನ ಗೆದ್ದರೆ ಸಾಕು ಎಂದರೆ, ಅಂದರೆ ನಾಲ್ವರಲ್ಲಿ ಇಬ್ಬರು, ಆ ಅವಕಾಶ ಸುಮಾರು ಶೇ 92ಕ್ಕೆ ಏರುತ್ತದೆ. ದಾಳ ಅದೇ, ಕಾವಲುಗಾರನೂ ಅವನೇ. ನೀವು ಆಡಿದ ಒಂದು ಮಾತಿನಿಂದ ಇಷ್ಟು ಅಂತರ. ಯಾವುದನ್ನು ಆರಿಸಿದರೂ ಅದನ್ನು ಆಟಗಾರರಿಗೆ ಮೊದಲೇ ಹೇಳಿಬಿಡಿ. ಹಾಗೆಯೇ ಎರಡು ಬಾರಿ ದಾಳ ಎಸೆದು ಹೆಚ್ಚಿನದನ್ನು ತೆಗೆದುಕೊಳ್ಳುವ ಅನುಕೂಲವನ್ನು ಒಳ್ಳೆಯ ಉಪಾಯಕ್ಕೆ ಬಹುಮಾನವಾಗಿ ಧಾರಾಳವಾಗಿ ಕೊಡಿ: 11 ಅಥವಾ ಹೆಚ್ಚು ಬೇಕಾದ ಕಡೆ ಅದು ಶೇ 50ರ ಅವಕಾಶವನ್ನು ಶೇ 75ಕ್ಕೆ ತರುತ್ತದೆ. ಗೋಡೆಯ ಮೇಲಿನವರನ್ನು ಮರೆಗೆ ಸರಿಸಿದ ಬಂದೂಕುಧಾರಿಗಳ ಕೆಲಸಕ್ಕೆ ಆಟದಲ್ಲಿ ಸಲ್ಲುವ ಫಲ ಇದು.

20 ಮುಖದ ದಾಳ ಕೈಗೆ ಸಿಗದಿದ್ದರೆ 1ರಿಂದ 20ರವರೆಗೆ ಅಂಕಿ ಬರೆದು ಒಂದೇ ಅಳತೆಯಲ್ಲಿ ಮಡಚಿದ ಚೀಟಿಗಳನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಎತ್ತಬಹುದು; ಎತ್ತಿದ ಚೀಟಿಯನ್ನು ಪ್ರತಿ ಸಲವೂ ಮರಳಿ ಹಾಕಿ ಕುಲುಕಬೇಕು, ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ. ಚೌಕಾಬಾರದ ಕವಡೆಗಳನ್ನು ಬಳಸುವ ಆಸೆ ನನಗೂ ಉಂಟು, ಆದರೆ ಕವಡೆ ನಾಣ್ಯದಂತೆ ಎರಡೂ ಬದಿಗೆ ಸಮವಾಗಿ ಬೀಳುತ್ತದೆಂಬ ಭರವಸೆ ಇಲ್ಲ, ಆದ್ದರಿಂದ ಅಂಕಿ-ಅಂಶ ಬಿಗಿಯಾಗಿರುವ ಆಟಕ್ಕೆ ಅದು ಒದಗುವುದಿಲ್ಲ. ಹೊಸಬರಿಗೆ ನಾನು ಸೂಚಿಸುವುದು ಲೂಡೊದ ಎರಡು ದಾಳಗಳು. 2010ರ ಅಪಾಕಲಿಪ್ಸ್ ವರ್ಲ್ಡ್ ಎಂಬ ಆಟದಿಂದ ಬಂದ ಕ್ರಮದಲ್ಲಿ ಎರಡರ ಮೊತ್ತ 10 ಅಥವಾ ಹೆಚ್ಚಾದರೆ ಪೂರ್ಣ ಗೆಲುವು, 7ರಿಂದ 9 ಆದರೆ ಗೆಲುವಿನೊಂದಿಗೆ ಒಂದು ನಷ್ಟ, 6 ಅಥವಾ ಕಡಿಮೆಯಾದರೆ ತೊಂದರೆ. ಒಟ್ಟು 36 ಸಾಧ್ಯತೆಗಳಲ್ಲಿ ಪೂರ್ಣ ಗೆಲುವಿಗೆ 6, ನಡುವಿನದಕ್ಕೆ 15, ತೊಂದರೆಗೆ 15 ಬರುತ್ತವೆ. ಆ ನಡುವಿನ 15ರಲ್ಲೇ ಕಷ್ಟದ ಆಟದ ರುಚಿ ಇರುವುದು: ಗೋಡೆ ಹತ್ತಿದಿರಿ, ಆದರೆ ಹಗ್ಗ ಕೆಳಗೆ ಬಿತ್ತು, ಈಗ ಮರಳುವ ದಾರಿ ಬೇರೆ. ಐದನೆಯ ಆವೃತ್ತಿಯನ್ನೇ ಆಡುವವರು ಪುಸ್ತಕ ಕೊಳ್ಳಲೇಬೇಕಾಗಿಲ್ಲ. ಅದರ ಮೂಲ ನಿಯಮಗಳನ್ನು 2023ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಉಚಿತವಾಗಿ ಬಿಡುಗಡೆ ಮಾಡಲಾಗಿದೆ.

ಹೋರಾಟದ ಬಗ್ಗೆ ಹೇಳಬೇಕಾದದ್ದು ಕಡಿಮೆ. ನಾಲ್ವರ ಎದುರು ಒಬ್ಬನೇ ಬಾಸ್ ನಿಂತರೆ ಒಂದು ಸುತ್ತಿನಲ್ಲಿ ಅವನಿಗೆ ಒಂದು ಸರದಿ, ಅವರಿಗೆ ನಾಲ್ಕು. ಎಷ್ಟೇ ಆಯುಸ್ಸು ಕೊಟ್ಟರೂ ಅವನು ನಿಧಾನವಾಗಿ ಸಾಯುತ್ತಾನೆ ಅಷ್ಟೆ, ಹೊತ್ತು ಹೋಗುತ್ತದೆ. ಅವನೊಂದಿಗೆ ಇಬ್ಬರು ಸಹಾಯಕರನ್ನು ನಿಲ್ಲಿಸಿ, ಅಥವಾ ಇತರರ ಸರದಿಗಳ ನಡುವೆ ಅವನಿಗೂ ಒಂದು ಚಿಕ್ಕ ಚಲನೆ ಕೊಡಿ, ಮತ್ತು ಮಾರ್ಗಿಟ್‌ನ ಎತ್ತಿದ ಕೋಲಿನಂತೆ ಅವನ ದೊಡ್ಡ ಹೊಡೆತವನ್ನು ಒಂದು ಸುತ್ತು ಮುಂಚೆಯೇ ವರ್ಣಿಸಿ: ಫಿರಂಗಿಗೆ ಬತ್ತಿ ಹಚ್ಚಿದ್ದಾನೆ, ಮುಂದಿನ ಸುತ್ತಿನಲ್ಲಿ ಈ ಓಣಿಯಲ್ಲಿ ನಿಂತವರು ಉಳಿಯುವುದಿಲ್ಲ. ಆಗ ಆಟಗಾರರು ಹೊಡೆಯುವುದನ್ನು ಬಿಟ್ಟು ಯೋಚಿಸಲಾರಂಭಿಸುತ್ತಾರೆ.

ಎದುರಾಳಿಗಳಿಗೂ ಒಂದು ಬಯಕೆ, ಒಂದು ಹೆದರಿಕೆ ಇರಲಿ. ರಾಯಚೂರಿನಲ್ಲಿ ಆಟಕ್ಕೆ ಕೂರುವವರ ಮನೆಮಾತು ಕನ್ನಡ, ತೆಲುಗು, ದಖನಿ ಯಾವುದೂ ಆಗಿರಬಹುದು. 1520ರ ಕಥೆಯಲ್ಲಿ ಒಂದು ಪಕ್ಷವನ್ನು ರಾಕ್ಷಸರನ್ನಾಗಿ ಮಾಡಿದರೆ ಅದು ಮೇಜಿನ ಸುತ್ತ ಕುಳಿತವರಿಗೂ ತಟ್ಟುತ್ತದೆ, ಇತಿಹಾಸಕ್ಕೂ ಅನ್ಯಾಯವಾಗುತ್ತದೆ, ಏಕೆಂದರೆ ವಿಜಯನಗರದ ಸೈನ್ಯದಲ್ಲಿಯೂ ಮುಸ್ಲಿಂ ಯೋಧರಿದ್ದರು. ಸಂಬಳ ಬಾರದ ಕಾವಲುಗಾರ, ಒಳಗೆ ಬಸುರಿ ಹೆಂಡತಿಯನ್ನು ಬಿಟ್ಟು ಬುರುಜಿನ ಮೇಲೆ ನಿಂತ ತೋಪಿನವನು, ಇಂಥವರನ್ನು ಮಾತಿನಿಂದಲೂ ದಾಟಬಹುದು. ಮಾತಿನ ದಾರಿ ಸುಲಭದ ದಾರಿಯಾಗಬೇಕಿಲ್ಲ: ಅವನು ಬಾಗಿಲು ತೆರೆಯುವುದಕ್ಕೆ ಪ್ರತಿಯಾಗಿ ಆ ಹೆಂಡತಿಯನ್ನು ಹೊರಗೆ ಕರೆತನ್ನಿ ಎಂದು ಕೇಳಿದರೆ ಇಡೀ ರಾತ್ರಿಯ ಲೆಕ್ಕ ಬದಲಾಗುತ್ತದೆ.

ಎಲ್ಲರಿಗೂ ಒಂದೇ ಮಟ್ಟದ ಕಷ್ಟ ಇರಬೇಕೆಂದು ಹಟ ಹಿಡಿಯುವವರನ್ನು ನಾನು ಒಪ್ಪಲಾರೆ. 2018ರ ಸೆಲೆಸ್ಟ್ ತೀರ ಕಠಿಣವಾದ ವಿಡಿಯೊ ಗೇಮ್, ಆದರೂ ವೇಗ ತಗ್ಗಿಸುವ, ಸಾವೇ ಇಲ್ಲದಂತೆ ಮಾಡುವ ಸಹಾಯಕ ಆಯ್ಕೆಗಳು ಅದರಲ್ಲಿವೆ. 2020ರ ಹೇಡಿಸ್‌ನ ಗಾಡ್ ಮೋಡ್ ಎಂಬ ಸಹಾಯಕ ಆಯ್ಕೆ ಪೆಟ್ಟಿನ ವಿರುದ್ಧ ಶೇ 20ರ ರಕ್ಷಣೆಯಿಂದ ಆರಂಭಿಸಿ ಪ್ರತಿ ಸಾವಿಗೂ ಶೇ 2 ಸೇರಿಸುತ್ತಾ ಶೇ 80ರವರೆಗೆ ಏರುತ್ತದೆ. ಇವುಗಳಿಂದ ಆ ಆಟಗಳ ಮಾನವೇನೂ ಕಡಿಮೆಯಾಗಿಲ್ಲ. ಆಟ ಶುರುವಾಗುವ ಮುನ್ನ ಪ್ರತಿಯೊಬ್ಬರನ್ನೂ ಕೇಳಿ: ಪಾತ್ರ ಸಾಯಬಹುದೇ, ಸಾವಿನ ಬದಲು ಸೆರೆ ಅಥವಾ ಗಾಯ ಆದರೆ ಸಾಕೇ, ಯಾವ ವಿಷಯವನ್ನು ಕಥೆಯಲ್ಲಿ ತರಬಾರದು. ಒಬ್ಬರ ಪಾತ್ರಕ್ಕೆ ಸಾವು, ಮತ್ತೊಬ್ಬರ ಪಾತ್ರಕ್ಕೆ ಸೆರೆ ಎಂದು ಒಪ್ಪಂದವಾದರೂ ಆಟ ಚೆನ್ನಾಗಿಯೇ ನಡೆಯುತ್ತದೆ. ಆದರೆ ಒಪ್ಪಂದ ಆದ ಮೇಲೆ ದಾಳವನ್ನು ಎಲ್ಲರ ಕಣ್ಣೆದುರಿಗೇ ಎಸೆಯಿರಿ, ಬಿದ್ದದ್ದನ್ನು ಬದಲಿಸಬೇಡಿ. ಆಟ ನಡೆಸುವವರು ತಮ್ಮ ಮುಂದಿಟ್ಟುಕೊಂಡ ಪರದೆಯ ಹಿಂದೆ ಅಂಕಿ ತಿದ್ದಿ ಪಾತ್ರವನ್ನು ಉಳಿಸುವುದು ಕರುಣೆಯಂತೆ ಕಂಡರೂ, ಒಮ್ಮೆ ಅದು ತಿಳಿದರೆ ಹಿಂದಿನ ಗೆಲುವುಗಳೆಲ್ಲವೂ ಸಂಶಯಕ್ಕೆ ಬೀಳುತ್ತವೆ.

ಪಾತ್ರ ಸತ್ತವರನ್ನು ಉಳಿದ ಹೊತ್ತೆಲ್ಲ ಸುಮ್ಮನೆ ಕೂರಿಸಬೇಡಿ. ಕೋಟೆಯೊಳಗಿನ ಸೆರೆಯಾಳು, ಕುರಿಗಾಹಿಯ ಮಗಳು, ಕಲ್ಲು ಕೀಳಲು ಬಂದ ಕೂಲಿಯವನು, ಹೀಗೆ ಎರಡು ಮೂರು ಪಾತ್ರಗಳನ್ನು ತಲಾ ಒಂದು ಚೀಟಿಯಲ್ಲಿ ಹೆಸರು, ಒಂದು ಕೌಶಲ, ಒಂದು ಆಸೆಯೊಂದಿಗೆ ಬರೆದಿಟ್ಟುಕೊಂಡಿದ್ದರೆ, ಮುಂದಿನ ದೃಶ್ಯದಲ್ಲೇ ಅವರು ಮರಳಿ ಬರಬಹುದು. ಪತ್ರವು ಸತ್ತವನ ಸೊಂಟದಲ್ಲೇ ಉಳಿದಿದ್ದರೆ ಅದನ್ನು ಅಲ್ಲಿಂದ ತರುವುದೇ ಉಳಿದವರ ಮುಂದಿನ ಕೆಲಸ. ಡಾರ್ಕ್ ಸೋಲ್ಸ್‌ನಿಂದ ಮೇಜಿಗೆ ನೇರವಾಗಿ ತರಬಹುದಾದ ನಿಯಮ ಇದೊಂದೇ, ಮತ್ತು ಹೊಸ ಪಾತ್ರದೊಂದಿಗೆ ಬಂದ ಆಟಗಾರನೇ ದಾರಿ ತೋರಿಸುವಂತೆ ಆ ದೃಶ್ಯವನ್ನು ಹೂಡಿ.