ಜ್ವಾಲೆ ಪತ್ತೆ ಸಾಧನ ಹಡಗಿಗೇರಬೇಕಾದರೆ

ದಾವಣಗೆರೆಯ ವಿದ್ಯಾರ್ಥಿಗಳು ಹಡಗಿಗೆಂದು ಮಾಡುವ ಬೆಂಕಿ ಎಚ್ಚರಿಕೆಯ ಮಾದರಿಗಳನ್ನು ಹಲವು ಪ್ರದರ್ಶನಗಳಲ್ಲಿ ನೋಡಿದ್ದೇನೆ. ಮೇಣದಬತ್ತಿ ಹಚ್ಚಿದರೆ ಬಜರ್ ಕೂಗುತ್ತದೆ. ಕಿಟಕಿ ತೆರೆದರೆ ಬಿಸಿಲಿಗೂ ಕೂಗುತ್ತದೆ. ಹೀಗೆ ನಾಲ್ಕು ಸಲ ಸುಳ್ಳು ಕೂಗಿದ ಸಾಧನವನ್ನು ಎಂಜಿನ್ ಕೋಣೆಯವರು ಬಂದ್ ಮಾಡಿಬಿಡುತ್ತಾರೆ. ನಡುಸಮುದ್ರದಲ್ಲಿ ಅದರಷ್ಟು ಅಪಾಯ ಬೇರೆ ಇಲ್ಲ.

ಮೊದಲು ಸೆನ್ಸರ್. ಆನ್‌ಲೈನ್‌ನಲ್ಲಿ ‘ಫ್ಲೇಮ್ ಸೆನ್ಸರ್’ ಎಂದು ಅಗ್ಗಕ್ಕೆ ಸಿಗುವುದನ್ನು ಕೊಳ್ಳಲೇಬೇಡಿ. ಅದು ನೋಡುವುದು 760ರಿಂದ 1100 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು. ಟಿವಿ ರಿಮೋಟ್ ಕೂಡ ಅದಕ್ಕೆ ಬೆಂಕಿಯೇ. ಎಣ್ಣೆ ಉರಿದಾಗ ಬಿಸಿಯಾದ ಇಂಗಾಲದ ಡೈಆಕ್ಸೈಡ್ 4.4 ಮೈಕ್ರೊಮೀಟರ್ ಆಸುಪಾಸಿನ ಅವಕೆಂಪು ಕಿರಣವನ್ನು ಜೋರಾಗಿ ಸೂಸುತ್ತದೆ. ಅಲ್ಲಿಗೊಂದು, ಅದರ ಎರಡೂ ಪಕ್ಕದ ತರಂಗಗಳಿಗೆ ಒಂದೊಂದು, ಹೀಗೆ ಮೂರು ಪೈರೊಎಲೆಕ್ಟ್ರಿಕ್ ಸೆನ್ಸರ್ (ಶಾಖ ಬದಲಾದಾಗ ವಿದ್ಯುತ್ ಕೊಡುವ ಹರಳಿನವು) ಬೇಕು. ಕಾದ ಕೊಳವೆಯಾದರೆ ಮೂರಕ್ಕೂ ಕಾಣುತ್ತದೆ. ಜ್ವಾಲೆಯಾದರೆ ನಡುವಿನದು ಎದ್ದು ನಿಲ್ಲುತ್ತದೆ. ನೇರಳಾತೀತ ಸೆನ್ಸರ್ ಚುರುಕು ನಿಜ, ಆದರೆ ವೆಲ್ಡಿಂಗ್ ಕಿಡಿಗೆ ಮೋಸಹೋಗುತ್ತದೆ, ಎಣ್ಣೆಯ ಪಸೆ ಕುಳಿತರೆ ಕುರುಡಾಗುತ್ತದೆ. ನಾನಂತೂ ಎಂಜಿನ್ ಕೋಣೆಗೆ ಅದನ್ನು ಒಪ್ಪುವುದಿಲ್ಲ.

ಸೆನ್ಸರ್‌ಗಳ ಮುಂದಿನ ಮುಚ್ಚಳಕ್ಕೆ ಸಫೈರ್, ಅಂದರೆ ನೀಲಮಣಿ ಜಾತಿಯ ಪಾರದರ್ಶಕ ಹರಳು ಹಾಕಿ. ಮಾಮೂಲಿ ಗಾಜು ನಮಗೆ ಬೇಕಾದ ಕಿರಣವನ್ನೇ ತಡೆಯುತ್ತದೆ.

ಎಲ್ಲರೂ ಎಡವುವುದು ಇನ್ನು ಮುಂದೆ. ಜ್ವಾಲೆ ಸೆಕೆಂಡಿಗೆ ಸುಮಾರು 1ರಿಂದ 20 ಸಲ ಮಿನುಗುತ್ತದೆ, ಸಾಧನ ಹುಡುಕುವುದೂ ಆ ಮಿನುಗನ್ನೇ. ಈಗ ಹಡಗಿನ ಲೆಕ್ಕ ಹಾಕಿ: ನಿಮಿಷಕ್ಕೆ 100 ಸುತ್ತು ತಿರುಗುವ ನಾಲ್ಕು ಅಲಗಿನ ಪ್ರೊಪೆಲ್ಲರ್ ಸೆಕೆಂಡಿಗೆ ಹೆಚ್ಚುಕಡಿಮೆ 6.7 ಸಲ ಹಡಗನ್ನು ನಡುಗಿಸುತ್ತದೆ. ಪೈರೊಎಲೆಕ್ಟ್ರಿಕ್ ಹರಳು ಶಾಖಕ್ಕಷ್ಟೇ ಅಲ್ಲ, ಅಲುಗಾಟಕ್ಕೂ ವಿದ್ಯುತ್ ಕೊಡುತ್ತದೆ. ಬೆಂಕಿಯಿಲ್ಲದೆ ಬೆಂಕಿಯ ಲಯ ಹುಟ್ಟುವುದು ಹೀಗೆ.

ಸ್ಪಂಜು ಸುತ್ತುವುದು ಪರಿಹಾರವಲ್ಲ. ನಿಧಾನದ ಅಲುಗಾಟಕ್ಕೆ ಸಾಧನ ಇನ್ನಷ್ಟು ತೂಗಾಡಬಹುದು. ಅದೇ ಜಾತಿಯ ನಾಲ್ಕನೆಯ ಸೆನ್ಸರನ್ನು ಅದೇ ಬೋರ್ಡಿನಲ್ಲಿ, ಅದೇ ದಿಕ್ಕಿಗೆ ಕೂರಿಸಿ ಲೋಹದ ಟೊಪ್ಪಿ ಮುಚ್ಚಿ. ಕುರುಡಾದ ಅದು ಹೇಳುವುದೆಲ್ಲ ಬರೀ ಅಲುಗಾಟ. ಅದನ್ನು ಉಳಿದ ಮೂರರಿಂದ ಕಳೆಯಿರಿ. ಆಮೇಲೆ ಲಯ ನೋಡಿ. ಯಂತ್ರ ಒಂದೇ ತಾಳದಲ್ಲಿ ನಡುಗುತ್ತದೆ, ಜ್ವಾಲೆಗೆ ತಾಳವೇ ಇಲ್ಲ. ನಡುವಿನ ಸೆನ್ಸರ್ ಮೇಲೆದ್ದು, ಮಿನುಗು ಅಸ್ತವ್ಯಸ್ತವಾಗಿ ಕೆಲವು ಸೆಕೆಂಡು ಉಳಿದರೆ ಮಾತ್ರ ಗಂಟೆ ಬಾರಿಸಲಿ.

ಪರೀಕ್ಷೆಗೆ ಊರೇ ಸಾಕು. ಹಿಟ್ಟಿನ ಗಿರಣಿಯ ಯಂತ್ರಕ್ಕೆ ಬಿಗಿದು ಒಂದು ದಿನವಿಡೀ ಬಿಡಿ, ತುಟಿ ಬಿಚ್ಚಬಾರದು. ಮಂಡಕ್ಕಿ ಭಟ್ಟಿಯಲ್ಲಿ ಉರಿ ಕಾಣದಂತೆ ಕಾದ ಗೋಡೆಗೆ ಮುಖಮಾಡಿ, ಆಗಲೂ ಸುಮ್ಮನಿರಬೇಕು. ಹಡಗಿಗೆ ಒಪ್ಪುವ ಮುನ್ನ ಸಾಧನವನ್ನು ಪ್ರಯೋಗಾಲಯದ ಕಂಪನ ಮೇಜಿನ ಮೇಲೆ 2ರಿಂದ 100 ಹರ್ಟ್ಸ್‌ವರೆಗೆ (ಸೆಕೆಂಡಿಗೆ ಅಷ್ಟು ಸಲ) ಅಲುಗಿಸಿ ನೋಡುತ್ತಾರೆ. ಜ್ವಾಲೆಯ ಪರೀಕ್ಷೆಗೆ ಯುರೋಪಿನ ಇಎನ್ 54-10 ಮಾನದಂಡವಿದೆ: 33 ಸೆಂಟಿಮೀಟರ್ ಚೌಕದ ತಟ್ಟೆಯಲ್ಲಿ ಹೆಪ್ಟೇನ್ ಎಂಬ ಪೆಟ್ರೋಲಿನಂಥ ದ್ರವ ಉರಿಸುತ್ತಾರೆ, ಮೊದಲ ದರ್ಜೆಯ ಸಾಧನ 25 ಮೀಟರಿನಿಂದ ಅದನ್ನು ಗುರುತಿಸಬೇಕು. ದೂರ ಎರಡು ಪಟ್ಟಾದರೆ ಸಂಕೇತ ಕಾಲು ಭಾಗಕ್ಕೆ ಇಳಿಯುತ್ತದೆ. ಮೇಜಿನ ಮೇಲಿನ ಮೇಣದಬತ್ತಿಯನ್ನು ನಂಬಬೇಡಿ.

ಅಂತರರಾಷ್ಟ್ರೀಯ ನಿಯಮದಂತೆ ಹಡಗಿನಲ್ಲಿ ಜ್ವಾಲೆ ಪತ್ತೆ ಸಾಧನವನ್ನು ಹೊಗೆ ಅಥವಾ ಶಾಖ ಪತ್ತೆ ಸಾಧನದ ಜತೆಗೇ ಬಳಸಬೇಕು, ಅವುಗಳ ಬದಲಿಗಲ್ಲ. ಕೂರಿಸುವಾಗ ಕೈಗೆಟಕುವ ಎತ್ತರ ನೋಡಿಕೊಳ್ಳಿ. ಸಫೈರ್ ಮೇಲಿನ ಎಣ್ಣೆಯನ್ನು ಒರೆಸುತ್ತಲೇ ಇರಬೇಕಾಗುತ್ತದೆ.