ಕಮ್ಯುನಿಟಿ ಕಾಲೇಜಿನಲ್ಲಿ ಕೆಮಿಸ್ಟ್ರಿ: ಯಾವುದರಿಂದ ಶುರು ಮಾಡಬೇಕು?

ಕ್ಯಾಲಿಫೋರ್ನಿಯಾದಲ್ಲಿ ಕಮ್ಯುನಿಟಿ ಕಾಲೇಜಿಗೆ ಸೇರಿ, ಎರಡು ವರ್ಷ ಓದಿ, ಆಮೇಲೆ ಯುಸಿಗೋ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಸ್ಯಾನ್ ಹೋಸೆ ಸ್ಟೇಟ್‌ಗೋ ಟ್ರಾನ್ಸ್‌ಫರ್ ಆಗಬೇಕು ಅಂತಿದ್ದೀರಾ? ಬಯಾಲಜಿ, ಕೆಮಿಸ್ಟ್ರಿ, ಮೆಡಿಸಿನ್ ಕಡೆ ಹೋಗುವ ಆಸೆ ಇದೆಯಾ? ಹಾಗಾದರೆ ಕೋರ್ಸ್‌ಗಳ ಲೆಕ್ಕ ಹಾಕುವಾಗ ಕೆಮಿಸ್ಟ್ರಿಯಿಂದಲೇ ಶುರು ಮಾಡಿ. ಇಂಗ್ಲಿಷ್, ಹಿಸ್ಟರಿ ಹಿಂದೆ ಮುಂದೆ ಆದರೂ ನಡೆಯುತ್ತದೆ. ಕೆಮಿಸ್ಟ್ರಿ ಹಾಗಲ್ಲ, ಒಂದು ಮುಗಿಯದೆ ಇನ್ನೊಂದಕ್ಕೆ ಬಿಡುವುದಿಲ್ಲ.

ನಾನು ಊರಲ್ಲಿ ಪಿಯುಸಿ ಸೈನ್ಸ್ ಮುಗಿಸಿ, ಮದುವೆಯಾಗಿ ಇಲ್ಲಿಗೆ ಬಂದು, ಎಷ್ಟೋ ವರ್ಷದ ಮೇಲೆ ಮತ್ತೆ ಪುಸ್ತಕ ಹಿಡಿದವಳು. ಮೊದಲ ದಿನ ಕೌಂಟರಿನಲ್ಲಿ ಕೇಳಿದೆ, ಯಾವ ಕೆಮಿಸ್ಟ್ರಿ ತಗೊಳ್ಳಲಿ ಅಂತ. "ಯಾವುದಾದರೂ ತಗೊಳ್ಳಿ, ಎಲ್ಲವೂ ಟ್ರಾನ್ಸ್‌ಫರ್ ಆಗುತ್ತೆ" ಅಂದರು. ತಗೊಂಡೆ. ಎ ಗ್ರೇಡ್ ಬಂತು. ಆಮೇಲೆ ನೋಡಿದರೆ ಅದು ನರ್ಸಿಂಗ್ ಕಡೆ ಹೋಗುವವರಿಗೆ ಮಾಡಿದ ಕೋರ್ಸ್, ನನ್ನ ಮೇಜರ್‌ಗೆ, ಅಂದರೆ ಡಿಗ್ರಿಯ ಮುಖ್ಯ ವಿಷಯಕ್ಕೆ, ಅದು ಲೆಕ್ಕಕ್ಕೇ ಇಲ್ಲ. ಕೌಂಟರಿನಲ್ಲಿ ಹೇಳಿದ್ದು ಸುಳ್ಳೇನೂ ಅಲ್ಲ. "ಟ್ರಾನ್ಸ್‌ಫರ್ ಆಗುತ್ತೆ" ಅನ್ನುವ ಮಾತಿಗೆ ಎರಡು ಅರ್ಥ ಇದೆ. ಯೂನಿಟ್ (ಕೋರ್ಸ್‌ಗೆ ಸಿಗುವ ಕ್ರೆಡಿಟ್) ಲೆಕ್ಕಕ್ಕೆ ಸೇರುವುದು ಒಂದು, ನಿಮ್ಮ ಮೇಜರ್ ಕೇಳುವ ಕೋರ್ಸ್‌ನ ಜಾಗದಲ್ಲಿ ಕೂರುವುದು ಇನ್ನೊಂದು. ನಿಮಗೆ ಬೇಕಾದದ್ದು ಎರಡನೆಯದು. ಯಾರನ್ನೇ ಕೇಳಿದರೂ "ನನ್ನ ಮೇಜರ್‌ಗೆ, ಇಂಥ ಕ್ಯಾಂಪಸ್‌ಗೆ ಆಗುತ್ತಾ" ಅಂತಲೇ ಕೇಳಿ.

ಎದುರಿಗೆ ಒಂದು ಕ್ಯಾಟಲಾಗ್ ಇಟ್ಟುಕೊಂಡರೆ ಬೇಗ ಅರ್ಥವಾಗುತ್ತದೆ. ಕುಪರ್ಟಿನೋದ ಡಿ ಆನ್ಜಾ ಕಾಲೇಜನ್ನೇ ತಗೊಳ್ಳಿ, ಬೇ ಏರಿಯಾದ ಕನ್ನಡದವರಿಗೆ ಗೊತ್ತಿರುವ ಹೆಸರು. ಅಲ್ಲಿ ಕೆಮ್ 10 ಅಂದರೆ ಸೈನ್ಸ್ ಓದದವರಿಗೆ, ಜನರಲ್ ಎಜುಕೇಷನ್ ಮುಗಿಸಲು. ಕೆಮ್ 30ಎ ನರ್ಸಿಂಗ್ ಮತ್ತು ಅದರ ಅಕ್ಕಪಕ್ಕದ ಓದಿಗೆ. ಕೆಮ್ 25 ಅಂದರೆ ಜನರಲ್ ಕೆಮಿಸ್ಟ್ರಿಗೆ ಮುಂಚಿನ ತಯಾರಿ. ಅಸಲಿ ದಾರಿ ಶುರುವಾಗುವುದು ಕೆಮ್ 1ಎ, 1ಬಿ, 1ಸಿ ಅನ್ನುವ ಜನರಲ್ ಕೆಮಿಸ್ಟ್ರಿಯಿಂದ. ಅದಾದ ಮೇಲೆ 12ಎ, 12ಬಿ, 12ಸಿ, ಅಂದರೆ ಆರ್ಗ್ಯಾನಿಕ್. ಬೇರೆ ಕಾಲೇಜಿನಲ್ಲಿ ನಂಬರ್ ಬೇರೆ. ಅದೂ ಅಲ್ಲದೆ, 2021ರ ಒಂದು ಕಾನೂನಿನಂತೆ ರಾಜ್ಯದ ಎಲ್ಲ ಕಮ್ಯುನಿಟಿ ಕಾಲೇಜುಗಳಿಗೂ ಒಂದೇ ಥರದ ನಂಬರ್ ತರುವ ಕೆಲಸ ನಡೆಯುತ್ತಿದೆ. ಹಾಗಾಗಿ ನಂಬರ್ ನೆಚ್ಚಿಕೊಳ್ಳಬೇಡಿ, ಕೋರ್ಸ್‌ನ ವಿವರ ಓದಿ.

ಆಮೇಲೆ ಅಸಿಸ್ಟ್ ಡಾಟ್ ಆರ್ಗ್ ತೆಗೆಯಿರಿ. ರಾಜ್ಯದ್ದೇ ವೆಬ್‌ಸೈಟ್, ದುಡ್ಡು ಬೇಡ, ಲಾಗಿನ್ ಬೇಡ. ನಿಮ್ಮ ಕಾಲೇಜು, ಹೋಗಬೇಕಾದ ಯೂನಿವರ್ಸಿಟಿ, ವರ್ಷ, ಮೇಜರ್ ಇಷ್ಟನ್ನು ಆರಿಸಿದರೆ ಅವರ ಯಾವ ಕೋರ್ಸ್‌ಗೆ ನಿಮ್ಮಲ್ಲಿನ ಯಾವುದು ಸಮ ಅಂತ ಪಕ್ಕಪಕ್ಕದಲ್ಲಿ ತೋರಿಸುತ್ತದೆ. ಒಂದಲ್ಲ, ನಾಲ್ಕೈದು ಕ್ಯಾಂಪಸ್ ನೋಡಿ, ಏಕೆಂದರೆ ಒಂದೇ ಮೇಜರ್‌ಗೆ ಒಬ್ಬೊಬ್ಬರು ಒಂದೊಂದು ಕೇಳುತ್ತಾರೆ. ಅಲ್ಲಿ ಎರಡು ಮೂರು ಕೋರ್ಸ್ ನಡುವೆ "ಆ್ಯಂಡ್" ಅಂತ ಇದ್ದರೆ ಅಷ್ಟನ್ನೂ ಮುಗಿಸಿದರೆ ಮಾತ್ರ ಸಮ. ಅರ್ಧಕ್ಕೆ ಬಿಟ್ಟರೆ ಯೂನಿವರ್ಸಿಟಿಯಲ್ಲಿ ಮತ್ತೆ ಮೊದಲಿಂದ ಓದಿಸಬಹುದು.

ಇದೇ ಕಾರಣಕ್ಕೆ ನಡುವೆ ಕಾಲೇಜು ಬದಲಿಸಬೇಡಿ. ಡಿ ಆನ್ಜಾ, ಫುಟ್‌ಹಿಲ್ ಎರಡೂ ಕ್ವಾರ್ಟರ್ ಪದ್ಧತಿ, ವರ್ಷದ ಪಾಠ ಮೂರು ಭಾಗ. ಮಿಷನ್, ವೆಸ್ಟ್ ವ್ಯಾಲಿ, ಓಲೋನಿ ಸೆಮಿಸ್ಟರ್, ಅದೇ ಪಾಠ ಎರಡು ಭಾಗ. ಒಂದು ಕಡೆ 1ಎ ಮುಗಿಸಿ, ಸೀಟು ಸಿಗಲಿಲ್ಲ ಅಂತ ಇನ್ನೊಂದು ಕಡೆ 1ಬಿ ತಗೊಂಡರೆ ನಡುವೆ ಕೆಲವು ಪಾಠ ಬಿಟ್ಟೇ ಹೋಗುತ್ತವೆ. ಒಂದು ಸರಣಿ ಪೂರ್ತಿ ಒಂದೇ ಕಡೆ ಮುಗಿಸಿ.

ಈಗ ಕ್ಯಾಲೆಂಡರ್. ಹಿಂದಿನಿಂದ ಎಣಿಸಿ. ಫಾಲ್‌ಗೆ ಟ್ರಾನ್ಸ್‌ಫರ್ ಅಂದರೆ ಮೇಜರ್ ಕೋರ್ಸ್‌ಗಳು ಅದರ ಹಿಂದಿನ ಸ್ಪ್ರಿಂಗ್‌ಗೆ ಮುಗಿದಿರಬೇಕು ಅಂತಲೇ ಇಟ್ಟುಕೊಳ್ಳಿ, ಕೊನೆಯ ಬೇಸಿಗೆಯನ್ನು ನಂಬಬೇಡಿ. ಜನರಲ್ ಎರಡು ಸೆಮಿಸ್ಟರ್, ಆರ್ಗ್ಯಾನಿಕ್ ಎರಡು ಸೆಮಿಸ್ಟರ್. ಒಟ್ಟು ನಾಲ್ಕು, ಅಂದರೆ ಸರಿಯಾಗಿ ಎರಡು ವರ್ಷ. ಸಂದು ಎಲ್ಲೂ ಇಲ್ಲ, ನೋಡಿದಿರಾ? ತಯಾರಿ ಕೋರ್ಸ್ ಬೇಕಾದರೆ ಅದು ಐದನೆಯದಾಗುತ್ತದೆ. ಅದನ್ನು ಮೊದಲ ಫಾಲ್‌ಗೆ ಮುಂಚಿನ ಬೇಸಿಗೆಯಲ್ಲೇ ಮುಗಿಸಿಬಿಡಿ. ಎಲ್ಲರಿಗೂ ಇಷ್ಟು ಬೇಕಿಲ್ಲ. ಮೆಕ್ಯಾನಿಕಲ್ ಇಂಜಿನಿಯರಿಂಗ್‌ಗೆ ಹಲವು ಕಡೆ ಜನರಲ್ ಕೆಮಿಸ್ಟ್ರಿಯ ಮೊದಲ ಭಾಗ ಸಾಕಾಗುತ್ತದೆ.

ತಯಾರಿ ಕೋರ್ಸ್ ತಗೊಳ್ಳುವುದು ಅವಮಾನ ಅಂತ ನಮ್ಮವರಲ್ಲಿ ತುಂಬಾ ಜನ ಅಂದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಪಿಯುಸಿಯಲ್ಲಿ ತೊಂಬತ್ತು ಬಂದಿದ್ದರೂ ಐದಾರು ವರ್ಷ ಆಗಿದ್ದರೆ ಒಂದು ಲೆಕ್ಕ ಮಾಡಿ ನೋಡಿ. 2.50 ಗ್ರಾಂ ಮೆಗ್ನೀಸಿಯಂ ಅನ್ನು ಬೇಕಾದಷ್ಟು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಹಾಕಿದರೆ ಎಷ್ಟು ಗ್ರಾಂ ಹೈಡ್ರೋಜನ್ ಬರುತ್ತದೆ? ನಾವು ಊರಲ್ಲಿ ಸೂತ್ರ ಬರೆದು, ಅಂಕಿ ತುಂಬಿ, ಉತ್ತರಕ್ಕೆ ಗೆರೆ ಎಳೆಯುತ್ತಿದ್ದೆವು, ಅಲ್ವಾ? ಇಲ್ಲಿ ಪ್ರತಿ ಅಂಕಿಯ ಜೊತೆಗೆ ಯೂನಿಟ್, ಅಂದರೆ ಗ್ರಾಂ, ಮೋಲ್ ಥರದ ಅಳತೆ, ಬರೆಯಬೇಕು. 2.50 ಗ್ರಾಂ ಅನ್ನು 24.31ರಿಂದ (ಒಂದು ಮೋಲ್ ಮೆಗ್ನೀಸಿಯಂ ಎಷ್ಟು ಗ್ರಾಂ ಅನ್ನುವ ಅಂಕಿ) ಭಾಗಿಸಿದಾಗ ಗ್ರಾಂ ಹೊಡೆದುಹೋಗಿ ಮೋಲ್ ಉಳಿಯಬೇಕು. ಒಂದು ಮೋಲ್ ಮೆಗ್ನೀಸಿಯಂಗೆ ಒಂದು ಮೋಲ್ ಹೈಡ್ರೋಜನ್ ಅಂತ ಕಾಣುವಂತೆ ಬರೆಯಬೇಕು. ಅದನ್ನು 2.016ರಿಂದ (ಒಂದು ಮೋಲ್ ಹೈಡ್ರೋಜನ್‌ನ ಗ್ರಾಂ) ಗುಣಿಸಿದರೆ ಮತ್ತೆ ಗ್ರಾಂ. ಉತ್ತರ 0.207 ಗ್ರಾಂ. ಕ್ಯಾಲ್ಕುಲೇಟರ್ ಇನ್ನೂ ಉದ್ದ ತೋರಿಸುತ್ತದೆ, ಆದರೆ 2.50ರಲ್ಲಿ ಮೂರೇ ಅಂಕಿ ಇರುವುದರಿಂದ ಉತ್ತರದಲ್ಲೂ ಮೂರೇ. ನಾಲ್ಕು ಬರೆದರೆ ಮಾರ್ಕ್ಸ್ ಹೋಗುತ್ತದೆ. ಈ ಲೆಕ್ಕ ತಡವರಿಸದೆ ಬಂದರೆ ನೇರ 1ಎಗೆ ಹೋಗಿ. ಮೋಲ್ ಅಂದರೇನು ಅಂತಲೇ ಯೋಚಿಸಬೇಕಾಯಿತಾ? ತಯಾರಿ ಕೋರ್ಸ್ ತಗೊಳ್ಳಿ. 1ಎಯಲ್ಲಿ ಈ ಅಭ್ಯಾಸ ಬಂದೇ ಇದೆ ಅಂತ ತಿಳಿದು ಪಾಠ ಓಡುತ್ತದೆ.

ಲ್ಯಾಬ್‌ನಲ್ಲಿ ಮಾತ್ರ ನಮ್ಮ ಪಿಯುಸಿ ಕೈಹಿಡಿಯುತ್ತದೆ. ಬ್ಯೂರೆಟ್ ಹಿಡಿದು ಬೆಳೆದವರು ನಾವು. ಫಿನಾಲ್ಫ್ತಲೀನ್ (ಬೇಸ್ ಹೆಚ್ಚಾದರೆ ಗುಲಾಬಿ ಆಗುವ ಸೂಚಕ) ಹಾಕಿದ ಆಸಿಡ್‌ಗೆ ಬೇಸ್ ಬಿಡುವಾಗ, ಬಣ್ಣ ಒಂದು ಕ್ಷಣ ಬಂದು ಮಾಯವಾಗುವುದು ನಿಧಾನವಾದ ಕೂಡಲೇ ಹನಿ ಹನಿ ಬಿಡಿ. ಕೊನೆಗೆ ಅರ್ಧ ಹನಿ ಬ್ಯೂರೆಟ್ ತುದಿಯಲ್ಲಿ ನಿಲ್ಲಿಸಿ, ಅದನ್ನು ಫ್ಲಾಸ್ಕ್‌ನ ಒಳಗೋಡೆಗೆ ತಾಗಿಸಿ, ವಾಷ್ ಬಾಟಲ್‌ನಿಂದ ಕೆಳಗೆ ತೊಳೆಯಿರಿ. ಇದ್ದೂ ಇಲ್ಲದಂಥ ಗುಲಾಬಿ ಅರ್ಧ ನಿಮಿಷ ನಿಂತರೆ ಅದೇ ಕೊನೆ. ಗಾಢ ಗುಲಾಬಿ ಆಯಿತೋ, ಆ ರೀಡಿಂಗ್ ಬಿಟ್ಟು ಮತ್ತೆ ಮಾಡಿ. ನೋಟ್‌ಬುಕ್ ಪೆನ್ನಿನಲ್ಲೇ ಬರೆಯಿರಿ. ತಪ್ಪಿಗೆ ಒಂದೇ ಗೆರೆ, ವೈಟ್ನರ್ ಬೇಡ.

ಸೀಟಿನ ವಿಷಯ. ಲ್ಯಾಬ್ ಇರುವುದರಿಂದ ಸೀಟು ಕಡಿಮೆ, ಬೇಗ ತುಂಬುತ್ತದೆ. ಊರಲ್ಲಿ ಓದಿದ ಕೆಮಿಸ್ಟ್ರಿ ತೋರಿಸಿ ತಯಾರಿ ಕೋರ್ಸ್ ಬಿಡಿಸಿಕೊಳ್ಳುವ ಯೋಚನೆ ಇದ್ದರೆ, ಅಂಕಪಟ್ಟಿಯೊಂದಿಗೆ ರಿಜಿಸ್ಟ್ರೇಷನ್‌ಗೆ ಹಲವು ವಾರಗಳ ಮುಂಚೆಯೇ ಅರ್ಜಿ ಕೊಡಿ. ವೇಟ್‌ಲಿಸ್ಟ್‌ನಲ್ಲಿದ್ದರೂ ಮೊದಲ ದಿನ ತಪ್ಪದೆ ಹೋಗಿ ಕೂತುಕೊಳ್ಳಿ. ಬಾರದವರ ಸೀಟು ಬಂದವರಿಗೆ ಸಿಗುತ್ತದೆ.

ಫೀಸು ರಾಜ್ಯದ ನಿವಾಸಿಗಳಿಗೆ ಸೆಮಿಸ್ಟರ್ ಯೂನಿಟ್‌ಗೆ 46 ಡಾಲರ್, ಅಂದರೆ ಐದು ಯೂನಿಟ್‌ನ ಕೋರ್ಸ್‌ಗೆ 230. ಎಫ್-1 (ವಿದ್ಯಾರ್ಥಿ) ವೀಸಾದವರಿಗೆ ಇದಕ್ಕಿಂತ ತುಂಬಾ ಜಾಸ್ತಿ. ಎಚ್-4ನಲ್ಲಿ (ಎಚ್-1ಬಿ ಕೆಲಸದವರ ಗಂಡ, ಹೆಂಡತಿ, ಮಕ್ಕಳ ವೀಸಾ) ಇದ್ದು ಒಂದು ವರ್ಷ ಒಂದು ದಿನ ಕಳೆದಿದ್ದರೆ ನಿವಾಸಿ ದರ ಕೇಳಿ ನೋಡಿ, ಸುಮ್ನೆ ದುಡ್ಡು ಕಳೆಯಬೇಡಿ.

ಕೋರ್ಸ್ ನಡುವೆ ಕೈಮೀರಿತು ಅನ್ನಿಸಿದರೆ ಡ್ರಾಪ್ ಮಾಡುವ ಕೊನೆಯ ದಿನ ಯಾವುದು ಅಂತ ಮೊದಲೇ ಗುರುತು ಹಾಕಿಟ್ಟುಕೊಳ್ಳಿ. ಒಂದು ಡಬ್ಲ್ಯೂ (ಕೋರ್ಸ್ ಬಿಟ್ಟ ಗುರುತು) ಬಂದರೆ ಜಿಪಿಎಗೆ (ಗ್ರೇಡ್‌ಗಳ ಸರಾಸರಿ) ಏಟು ಬೀಳುವುದಿಲ್ಲ, ಡಿ ಬಂದರೆ ಬೀಳುತ್ತದೆ. ಆದರೆ ಆ ಡಬ್ಲ್ಯೂನಿಂದ ಮುಂದಿನ ಕೋರ್ಸ್ ಎಲ್ಲವೂ ಒಂದು ಹೆಜ್ಜೆ ಹಿಂದೆ ಹೋಗುತ್ತವೆ, ಅವತ್ತೇ ಕ್ಯಾಲೆಂಡರ್ ತೆಗೆದು ಮತ್ತೆ ಹಿಂದಿನಿಂದ ಎಣಿಸಿ. ಯುಸಿ ಅರ್ಜಿ ಕಳಿಸಿದ ಮೇಲೆ ಹೀಗಾದರೆ, ಜನವರಿಯಲ್ಲಿ ತುಂಬುವ ಅಪ್‌ಡೇಟ್ ಫಾರಂನಲ್ಲಿ ಅದನ್ನು ಬರೆಯಲೇಬೇಕು. ಆ ಫಾರಂ ಬಂದಾಗ ಜನರಲ್ ಕೆಮಿಸ್ಟ್ರಿಯ ಗ್ರೇಡ್, ಆರ್ಗ್ಯಾನಿಕ್ ಯಾವ ಟರ್ಮ್‌ನಲ್ಲಿ ಮುಗಿಯುತ್ತದೆ ಎರಡನ್ನೂ ಸರಿಯಾಗಿ ತುಂಬಿ.